ಲಾರಿಯ ಹಗ್ಗ ಯಾರ ಹೊಣೆ?

ತುಮಕೂರು ರಸ್ತೆಯಲ್ಲಿ ಉಕ್ಕಿನ ಸುರುಳಿ ಹೊತ್ತ ಟ್ರೇಲರ್ ಕಂಡಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅದರ ಸರಪಳಿಯ ಕಡೆಗೆ. ಹದಿನೈದು, ಇಪ್ಪತ್ತು ಟನ್ ತೂಗುವ ಸುರುಳಿ. ಅದನ್ನು ವಾಹನಕ್ಕೆ ಕಟ್ಟಿಹಾಕಿರುವುದು ಕೆಲವೊಮ್ಮೆ ಎರಡೇ ಸರಪಳಿ, ನಾಲ್ಕು ಮರದ ಬೆಣೆ. ವಾಹನದ ವೇಗ ಹಿಡಿಯಲು ಕ್ಯಾಮೆರಾ ಇದೆ, ತೂಕ ಹಿಡಿಯಲು ವೇಬ್ರಿಜ್ ಇದೆ. ಆ ಬೆಣೆ ನಿಲ್ಲುತ್ತದೆಯೇ, ಆ ಸರಪಳಿ ಎಷ್ಟು ಭಾರ ತಡೆದೀತು ಎಂದು ಬಗ್ಗಿ ನೋಡುವವರು ಮಾತ್ರ ಅಪರೂಪ.

ಭಾರದ ವಸ್ತು ತನ್ನ ಭಾರದಿಂದಲೇ ಕದಲದೆ ಕೂರುತ್ತದೆ ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ನಿಂತ ಲಾರಿಯ ಮಟ್ಟಿಗೆ ಅದು ನಿಜ. ಓಡುವ ಲಾರಿ ಥಟ್ಟನೆ ನಿಂತರೆ ನಿಲ್ಲುವುದು ಚಕ್ರಗಳು. ಮೇಲಿರುವ ಕಲ್ಲಿಗೂ ಉಕ್ಕಿಗೂ ಬ್ರೇಕ್ ಇಲ್ಲ. ಹಿಂದಿನ ವೇಗದಲ್ಲೇ ಮುಂದೆ ಹೋಗಲು ಹವಣಿಸುವ ಅವನ್ನು ತಡೆಯುವುದು ಹಲಗೆಯ ಘರ್ಷಣೆ ಮತ್ತು ಕಟ್ಟು ಮಾತ್ರ. ಹಲಗೆಯ ಮೇಲೆ ಮರಳೋ ಎಣ್ಣೆಯೋ ಇದ್ದರೆ ಘರ್ಷಣೆಯೂ ಕೈಕೊಡುತ್ತದೆ. ಸರಕಿನ ತೂಕದ ಶೇ 80ರಷ್ಟು ಬಲ ಮುಂದಕ್ಕೆ, ಶೇ 50ರಷ್ಟು ಪಕ್ಕಕ್ಕೆ ಬೀಳುತ್ತದೆ ಎಂಬ ಲೆಕ್ಕ ಹಿಡಿದೇ ಕಟ್ಟಬೇಕೆಂದು ಅಮೆರಿಕದ ನಿಯಮವೂ ಯುರೋಪಿನ ಮಾನದಂಡವೂ ಹೇಳುತ್ತವೆ. ಎಂದರೆ, ಹತ್ತು ಟನ್ ಗ್ರಾನೈಟ್ ದಿಮ್ಮಿಯನ್ನು ಕಟ್ಟುವವನು ಎಂಟು ಟನ್ ಬಲ ಚಾಲಕನ ಬೆನ್ನ ಕಡೆಗೆ ನುಗ್ಗುತ್ತದೆಂದು ಭಾವಿಸಿ ಕಟ್ಟಬೇಕು.

ಸುರುಳಿಯನ್ನು ಯಾವ ದಿಕ್ಕಿಗೆ ಇಡಬೇಕು ಎಂಬುದೇ ಒಂದು ವಿದ್ಯೆ. ಅದರ ತೂತು ರಸ್ತೆಯ ಪಕ್ಕಕ್ಕೆ ಮುಖಮಾಡಿದ್ದರೆ, ಕಟ್ಟು ಕಳಚಿದ ಸುರುಳಿ ಚಕ್ರದಂತೆ ನೇರವಾಗಿ ಚಾಲಕನ ಮೇಲೆ ಉರುಳುತ್ತದೆ. ಹಾಗೆ ಇಡುವುದಕ್ಕೆ ಅಮೆರಿಕದ ಲಾರಿ ಚಾಲಕರು ಇಟ್ಟಿರುವ ಹೆಸರು ‘ಆತ್ಮಹತ್ಯೆ’. ತೂತನ್ನು ಮುಂದಕ್ಕೆ ತಿರುಗಿಸಿದರೆ ಚಾಲಕ ಉಳಿದಾನು. ಅಪಾಯ ಪಕ್ಕದಲ್ಲಿ ಹೋಗುವ ನನ್ನ ನಿಮ್ಮ ಕಡೆಗೆ ತಿರುಗುತ್ತದೆ. ಹಾಗಾಗಿಯೇ ಅಲ್ಲಿನ ನಿಯಮ ಚಾಲಕನ ಅಂದಾಜಿಗೆ ಹೆಚ್ಚಿನದನ್ನು ಬಿಟ್ಟಿಲ್ಲ. ಕಟ್ಟುಗಳ ಒಟ್ಟು ತಾಳಿಕೆ ಸರಕಿನ ತೂಕದ ಅರ್ಧಕ್ಕಿಂತ ಕಡಿಮೆ ಇರುವಂತಿಲ್ಲ. ಹೊರಟ ಮೊದಲ 50 ಮೈಲಿಯೊಳಗೆ, ಅಂದರೆ ಸುಮಾರು 80 ಕಿ.ಮೀ. ದಾಟುವ ಮುನ್ನ, ನಿಲ್ಲಿಸಿ ಕಟ್ಟನ್ನು ಮತ್ತೆ ನೋಡಬೇಕು. ಕುಲುಕಾಟಕ್ಕೆ ಸರಕು ತಳ ಹಿಡಿದು ಕೂತಂತೆ ಬಿಗಿದ ಹಗ್ಗ ಸಡಿಲಗೊಳ್ಳುವುದು ಆ ಮೊದಲ ಹಾದಿಯಲ್ಲೇ.

ನಮ್ಮ ಚಾಲಕರಿಗೆ ಇದು ಗೊತ್ತಿಲ್ಲವೆಂದು ಭಾವಿಸಿದರೆ ಅದು ಅನ್ಯಾಯ. ಶಿರಾ ಸಮೀಪದ ಢಾಬಾವೊಂದರ ಮುಂದೆ ನಡುವಯಸ್ಸಿನ ಚಾಲಕರೊಬ್ಬರು ಟೀ ಕುಡಿಯುವ ಮೊದಲು ಲಾರಿಯನ್ನು ಒಂದು ಸುತ್ತು ಹಾಕಿ, ಒಂದೊಂದು ಹಗ್ಗವನ್ನೂ ಬೆರಳಿನಿಂದ ಮಿಡಿದು ನೋಡಿದ್ದನ್ನು ಕಂಡು ಮಾತಿಗಿಳಿದೆ. “ಹೇರೋರು ಅವರ ಹಮಾಲರು ಸಾರ್, ಬಿಗಿಯೋರು ನಾವು. ಬಿಲ್ಟಿ ಕೈಗೆ ಬಂತು ಅಂದ್ರೆ ಮುಗೀತು, ಆಮೇಲೆ ಬಿದ್ದದ್ದೆಲ್ಲ ನಮ್ಮ ತಲೆ ಮೇಲೆ” ಎಂದರು. ಹಗ್ಗ ಯಾರ ದುಡ್ಡಿನದು ಎಂದು ಕೇಳಿದ್ದಕ್ಕೆ ನಕ್ಕು ಸುಮ್ಮನಾದರು.

ಅವರ ಲಾರಿಗೆ ಎರಡು ತಾಡಪಾಲು ಹೊದಿಸಿತ್ತು. (ಉತ್ತರ ಕರ್ನಾಟಕದವರಿಗೆ ಇದು ತಾಡಪತ್ರಿ. ಮೂಲದಲ್ಲಿ ಇದು ಡಾಂಬರು ಬಳಿದ ಹಡಗಿನ ಬಟ್ಟೆ. ಇಂಗ್ಲಿಷ್ ಹೆಸರಿನೊಳಗೆ ಆ ಡಾಂಬರು ಇನ್ನೂ ಅಂಟಿಕೊಂಡಿದೆ.) ಹಿಂದಿನದನ್ನು ಮೊದಲು ಹಾಸಿ, ಅದರ ಅಂಚಿನ ಮೇಲೆ ಮುಂದಿನದು ಬರುವಂತೆ ಹೊದಿಸಿದ್ದರು. ಮಾಡಿಗೆ ಹೆಂಚು ಹೊದಿಸುವ ಕ್ರಮವೇ ಅದು. ಅಲ್ಲಿ ಮಳೆನೀರು ಒಳಗೆ ನುಗ್ಗಬಾರದು, ಇಲ್ಲಿ ಎದುರುಗಾಳಿ. ಉಲ್ಟಾ ಹೊದಿಸಿದರೆ ಗಾಳಿ ಸಂದಿಗೆ ನುಗ್ಗಿ ತಾಡಪಾಲು ಹಾಯಿಯಂತೆ ಉಬ್ಬಿ ಹರಿಯುತ್ತದೆ. ಇಷ್ಟಾಗಿಯೂ ತಾಡಪಾಲು ಕಟ್ಟಲ್ಲ, ಬರೀ ಹೊದಿಕೆ. ಒಳಗಿನ ಸರಕು ಬಿಗಿಯಾಗಿದೆಯೋ ಇಲ್ಲವೋ ಎಂಬುದನ್ನು ಅದು ಮುಚ್ಚಿಡುತ್ತದೆ. ಮೇಲೆ ಮಟ್ಟಸವಾಗಿ ಕಾಣುವುದರಿಂದ ಜನ ಅದನ್ನು ಹಾಸಿಗೆ ಮಾಡಿಕೊಳ್ಳುವುದೂ ಉಂಟು. ಸರಕಿನ ಜತೆ ಮನುಷ್ಯರನ್ನು ಹೇರುವ ಈ ರೂಢಿಯ ಬೆಲೆ ಏನೆಂಬುದನ್ನು 2025ರ ಜನವರಿಯಲ್ಲಿ ಯಲ್ಲಾಪುರದ ಬಳಿ ಕಂಡೆವು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಕಂದಕಕ್ಕೆ ಉರುಳಿ ಕನಿಷ್ಠ ಹತ್ತು ವ್ಯಾಪಾರಿಗಳು ಸತ್ತರು.

ಹೊದಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿ, ಸಂಡೂರು, ಹೊಸಪೇಟೆಯ ಜನ ಸಾಕ್ಷಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವವರೆಗೆ, ಅದಿರು ಲಾರಿಗಳು ಹಾದಿಯ ಮನೆ, ಮರ, ಬೆಳೆಗಳನ್ನೆಲ್ಲ ಕೆಂಪಾಗಿಸಿದ್ದವು.

ಕಾನೂನು ಇಲ್ಲವೇ? ಇದೆ. 2014ರಲ್ಲಿ ಕೇಂದ್ರ ಸರ್ಕಾರ ಲಾರಿಯಿಂದ ಹಿಂದಕ್ಕೆ ಚಾಚಿದ ಕಬ್ಬಿಣದ ಸರಳುಗಳಿಗೆ ಇದ್ದ ಒಂದು ಮೀಟರ್ ರಿಯಾಯಿತಿಯನ್ನು ರದ್ದುಮಾಡಿತು. 2019ರ ತಿದ್ದುಪಡಿಯ ಪ್ರಕಾರ ಮಿತಿಮೀರಿದ ತೂಕಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್‌ಗೆ ಮತ್ತೆ 2,000 ರೂಪಾಯಿ ದಂಡ. ಹೊರಚಾಚಿದ ಸರಕಿಗೂ 20,000 ರೂಪಾಯಿ. ತೂಕ, ಉದ್ದ, ಅಗಲ, ಎತ್ತರಗಳನ್ನು ಅಳೆಯಬಹುದು, ಚೀಟಿ ಹರಿಯಬಹುದು. ಸಡಿಲ ಹಗ್ಗಕ್ಕೆ ಅಂಥ ಅಳತೆಗೋಲು ರಸ್ತೆ ಬದಿಯ ಪೊಲೀಸರ ಕೈಯಲ್ಲಿಲ್ಲ. ತೂಕದ ವಿಷಯದಲ್ಲಾದರೂ ಮಾಲೀಕನ ಅರಿವಿನಿಂದಲೇ ತಪ್ಪು ನಡೆದಿದೆ ಎಂದು ನ್ಯಾಯಾಲಯ ಭಾವಿಸಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಸರಕು ಕಳುಹಿಸಿದ ಕಾರ್ಖಾನೆ, ಅದನ್ನು ಹೇರಿಸಿದ ಮೇಸ್ತ್ರಿ ಮತ್ತು ‘ಸಂಜೆಯೊಳಗೆ ತಲುಪಲೇಬೇಕು’ ಎಂದ ವ್ಯಾಪಾರಿ ಸಾಮಾನ್ಯವಾಗಿ ಈ ಚಿತ್ರದಲ್ಲೇ ಬರುವುದಿಲ್ಲ. ಅಪಘಾತವಾದರೆ ಪ್ರಕರಣ ದಾಖಲಾಗುವುದು, ಬದುಕಿ ಉಳಿದಿದ್ದರೆ, ಚಾಲಕನ ಮೇಲೆ.

ಆಸ್ಟ್ರೇಲಿಯದಲ್ಲಿ 2014ರಿಂದ ಅದರ ಬಹುತೇಕ ರಾಜ್ಯಗಳಲ್ಲಿ ಜಾರಿಯಲ್ಲಿರುವ ಭಾರಿ ವಾಹನ ಕಾನೂನು ಇದನ್ನು ‘ಹೊಣೆಯ ಸರಪಳಿ’ ಎಂದು ಕರೆಯುತ್ತದೆ. ಸರಕು ಕಳುಹಿಸಿದವ, ಕಟ್ಟಿದವ, ಹೇರಿದವ, ವೇಳೆ ಗೊತ್ತುಮಾಡಿದವ ಎಲ್ಲರೂ ಆ ಸರಪಳಿಯ ಕೊಂಡಿಗಳು. ಸಡಿಲ ಕಟ್ಟಿಗೆ ಕಾರ್ಖಾನೆಯೂ ಉತ್ತರ ಹೇಳಬೇಕಾದಾಗ, ಗೇಟು ದಾಟುವ ಮುನ್ನ ಸರಪಳಿ ಎಣಿಸಲು ಅಲ್ಲಿ ಯಾರಾದರೂ ಒಬ್ಬರು ನಿಂತೇ ನಿಲ್ಲುತ್ತಾರೆ.

ನಮ್ಮಲ್ಲಿ ಇದಕ್ಕೆ ಹೊಸ ಇಲಾಖೆಯನ್ನೇನೂ ತೆರೆಯಬೇಕಿಲ್ಲ. 2018ರಿಂದ ಜಾರಿಗೆ ಬಂದ ಇ-ವೇ ಬಿಲ್‌ನಲ್ಲಿ ಸರಕು ಕಳುಹಿಸಿದವರ ವಿವರ, ಪಡೆಯುವವರ ವಿವರ, ಸರಕಿನ ಮೌಲ್ಯ, ಲಾರಿಯ ಸಂಖ್ಯೆ ಎಲ್ಲವೂ ತೆರಿಗೆಗಾಗಿ ದಾಖಲಾಗುತ್ತಿವೆ. ಅದೇ ಕಾಗದದಲ್ಲಿ ಇನ್ನೆರಡು ಸಾಲು ಸೇರಲಿ: ಸರಕನ್ನು ಹೇರಿ ಕಟ್ಟಿಸಿದವರು ಯಾರು, ಎಷ್ಟು ಸರಪಳಿಯಿಂದ. ಕೆಳಗೆ ಅವರ ಸಹಿ ಇರಲಿ. ಹಗ್ಗ, ಸರಪಳಿ, ತಾಡಪಾಲಿನ ಖರ್ಚು ಬಾಡಿಗೆಯಲ್ಲಿ ಪ್ರತ್ಯೇಕವಾಗಿ ಕಾಣಿಸಲಿ, ಅದನ್ನು ಸರಕಿನ ಒಡೆಯನೇ ಕೊಡಲಿ.