ಸಂಪಿನ ಮೋಟರ್ ಯಾವಾಗ ಬದಲಿಸಬೇಕು? ಹಸುವನ್ನು ನೋಡಿ ಹೇಳಬಹುದು

ಹಾಲು ಇಳಿದಿದೆ ಎಂದು ಕರೆ ಬಂದರೆ ನಾವು ಮೊದಲು ನೋಡುವುದು ಜ್ವರ, ಕೆಚ್ಚಲು, ಮೆಲುಕು, ಸಗಣಿ. ಇವೆಲ್ಲ ಸರಿಯಿದ್ದೂ ಕೊಟ್ಟಿಗೆಯ ಎರಡು ಮೂರು ಹಸುಗಳಲ್ಲಿ ಒಟ್ಟಿಗೇ ಹಾಲು ಕಡಿಮೆಯಾಗಿದ್ದರೆ ನಾನು ಕೇಳುವ ಮುಂದಿನ ಪ್ರಶ್ನೆ, "ಸಂಪಿನ ಮೋಟರ್ ಹೇಗಿದೆ?" ದನದ ಡಾಕ್ಟರಿಗೆ ಮೋಟರಿನ ಉಸಾಬರಿ ಏಕೆ ಎಂದು ಕೆಲವರು ನಗುತ್ತಾರೆ. ಆದರೆ ಈಗ ಅನೇಕ ಹೈನುಗಾರರ ಮನೆಯಲ್ಲಿ ನಲ್ಲಿ ನೀರಾಗಲಿ ಬೋರ್‌ವೆಲ್ ನೀರಾಗಲಿ ಮೊದಲು ಸಂಪಿಗೆ ಬೀಳುತ್ತದೆ. ಅಲ್ಲಿಂದ ಅರ್ಧ ಎಚ್.ಪಿ. ಮೋಟರು ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಮನೆಗೂ ಕೊಟ್ಟಿಗೆಗೂ ಅದೇ ನೀರು.

ಹಾಲಿನಲ್ಲಿ ಸುಮಾರು 87 ಭಾಗ ನೀರೇ. ದಿನಕ್ಕೆ 10 ಲೀಟರ್ ಕೊಡುವ ಮಿಶ್ರತಳಿ ಹಸುವಿಗೆ 80 ಲೀಟರ್ ಹತ್ತಿರ ಕುಡಿಯುವ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನಾಲ್ಕು ಹಸು ಇದ್ದವರಿಗೆ ಮೈ ತೊಳೆಯಲು, ಕೊಟ್ಟಿಗೆ ತೊಳೆಯಲು, ಕ್ಯಾನಿಗೆ ಎಲ್ಲ ಸೇರಿ 500 ಲೀಟರ್ ಸುಲಭವಾಗಿ ಆಗುತ್ತದೆ. ಮೋಟರು ಸೊರಗಿದಾಗ ಮನೆಯವರು ಸ್ನಾನಕ್ಕೆ, ಅಡುಗೆಗೆ ಕಡಿಮೆ ಮಾಡುವುದಿಲ್ಲ. ಕಡಿತ ಬೀಳುವುದು ಕೊಟ್ಟಿಗೆಯ ತೊಟ್ಟಿಗೆ. ಅದೂ ಯಾರ ಗಮನಕ್ಕೂ ಬಾರದಂತೆ, ದಿನಕ್ಕೆ ಎರಡು ಬಕೆಟ್ ಲೆಕ್ಕದಲ್ಲಿ.

ಆದ್ದರಿಂದ ಮೋಟರು ಚೆನ್ನಾಗಿರುವಾಗಲೇ ಒಂದು ಕೆಲಸ ಮಾಡಿಟ್ಟುಕೊಳ್ಳಿ. ಖಾಲಿ ಟ್ಯಾಂಕ್ ತುಂಬಲು ಎಷ್ಟು ನಿಮಿಷ ಬೇಕೆಂದು ನೋಡಿ ಸ್ವಿಚ್ ಪಕ್ಕದ ಗೋಡೆಯ ಮೇಲೆ ಬರೆದಿಡಿ. 20 ನಿಮಿಷಕ್ಕೆ ತುಂಬುತ್ತಿದ್ದುದು 30 ಆದರೆ ಏನೋ ಆಗಿದೆ ಎಂದು ಅರ್ಥ, 40 ಆದರೆ ಮೆಕ್ಯಾನಿಕ್ ಕರೆಸಲೇಬೇಕು. ಬೆಳಗಿನ ಜಾವ ಸರಿಯಾಗಿ ಎತ್ತಿ ಸಂಜೆ ಮಾತ್ರ ತಡವರಿಸುತ್ತಿದ್ದರೆ ದೋಷ ಹೆಚ್ಚಾಗಿ ವೋಲ್ಟೇಜಿನದು, ಹೊಸ ಮೋಟರ್ ತಂದರೂ ಅದೇ ಕಥೆ. ವೋಲ್ಟೇಜ್ ಇಳಿದಾಗ ಓಡಿಸಿದರೆ ಮೋಟರ್ ಹೆಚ್ಚು ಕರೆಂಟ್ ಎಳೆದು ವೈಂಡಿಂಗ್ ಕಾಯುತ್ತದೆ. ಅಂಥ ಊರಿನವರು ಬೆಳಗ್ಗೆಯೇ ಟ್ಯಾಂಕ್ ತುಂಬಿಸಿಕೊಳ್ಳುವುದು ಒಳ್ಳೆಯದು.

ರಿಪೇರಿಯಲ್ಲಿ ಮುಗಿಯುವ ಕೆಲಸಗಳು ಬಹಳ ಇವೆ. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂದರೆ ಸಾಮಾನ್ಯವಾಗಿ ಕೆಪಾಸಿಟರ್ ಹೋಗಿರುತ್ತದೆ, ಇಲ್ಲವೇ ಬಹಳ ದಿನ ನಿಂತು ಒಳಗೆ ಹಿಡಿದುಕೊಂಡಿರುತ್ತದೆ. ಮೋಟರ್ ಓಡುತ್ತದೆ, ನೀರು ಬರುವುದಿಲ್ಲ, ಪ್ರತಿ ಸಲ ನೀರು ಹೊಯ್ಯಬೇಕು ಎಂದರೆ ಫುಟ್‌ವಾಲ್ವ್ ನೋಡಿ. ಶಾಫ್ಟ್ ಬಳಿ ನೀರು ತೊಟ್ಟಿಕ್ಕಿದರೆ ಸೀಲು, ಕರಕರ ಸದ್ದಿಗೆ ಬೇರಿಂಗ್. ಇಷ್ಟಕ್ಕೆ ಹೊಸದು ಕೊಳ್ಳಿರಿ ಎನ್ನುವ ಅಂಗಡಿಯವರ ಮಾತು ಕೇಳಬೇಡಿ. ಆದರೆ ತೊಟ್ಟಿಕ್ಕುವ ಸೀಲನ್ನು "ಆಮೇಲೆ ನೋಡೋಣ" ಎಂದು ಬಿಟ್ಟರೆ ಅದೇ ನೀರು ಬೇರಿಂಗಿಗೆ, ಅಲ್ಲಿಂದ ವೈಂಡಿಂಗಿಗೆ ಹೋಗುತ್ತದೆ. ಸುಟ್ಟ ವೈಂಡಿಂಗನ್ನು ಒಂದು ಸಲ ಒಳ್ಳೆಯ ಕಡೆ ಕಟ್ಟಿಸಬಹುದು. ಎರಡನೇ ಸಲವೂ ಸುಟ್ಟರೆ, ಅಥವಾ ರಿಪೇರಿ ಖರ್ಚು ಹೊಸ ಮೋಟರಿನ ಅರ್ಧ ಬೆಲೆ ದಾಟಿದರೆ, ಬದಲಿಸುವುದೇ ಲಾಭ.

ಸಂಪಿನೊಳಗೇ ಮುಳುಗಿಸಿದ ಎಣ್ಣೆ ತುಂಬಿದ ಸಬ್‌ಮರ್ಸಿಬಲ್ ಇದ್ದವರು ಇನ್ನೊಂದು ಗಮನಿಸಬೇಕು. ಸೀಲು ಸವೆದರೆ ಎಣ್ಣೆ ನೀರಿಗೆ ಸೇರುತ್ತದೆ. ತೊಟ್ಟಿಯ ಮೇಲೆ ಬಣ್ಣಬಣ್ಣದ ಪೊರೆ ಕಾಣಬಹುದು. ಕಾಣದಿದ್ದರೂ ಹಸು ಮೂಸಿ ಮುಖ ತಿರುಗಿಸುತ್ತದೆ. ಅದೇ ಹಸು ಬೇರೆ ಕಡೆಯ ನೀರನ್ನು ಗಟಗಟ ಕುಡಿದರೆ ರೋಗ ಹುಡುಕುವ ಬದಲು ಸಂಪು ಇಣುಕಿ. ಆ ನೀರು ಮನೆಯವರಿಗೂ ಬೇಡ.

ಎಲ್ಲಕ್ಕಿಂತ ದೊಡ್ಡ ಅಪಾಯ ಕರೆಂಟ್ ಸೋರಿಕೆ. ವೈಂಡಿಂಗಿನ ಹೊದಿಕೆ ಹಳತಾಗಿ ಕರೆಂಟ್ ಮೋಟರಿನ ಮೈಗೆ ಬಂದರೆ ಕಬ್ಬಿಣದ ಪೈಪು, ನಲ್ಲಿಗಳ ಮೂಲಕ ತೊಟ್ಟಿಯವರೆಗೂ ತಲುಪಬಹುದು. ನಾವು ಒಣ ಚಪ್ಪಲಿಯಲ್ಲಿ ನಿಂತಿರುತ್ತೇವೆ, ಗೊತ್ತಾಗುವುದಿಲ್ಲ. ಹಸುವಿನ ನಾಲ್ಕು ಕಾಲೂ ಒದ್ದೆ ನೆಲದ ಮೇಲೆ, ಮೂಗು ನೀರಿನಲ್ಲಿ. ಅದರ ಮೈ ನಮ್ಮದಕ್ಕಿಂತ ಸುಲಭವಾಗಿ ಕರೆಂಟ್ ಹರಿಯಗೊಡುತ್ತದೆ, ಕೆಲವೇ ವೋಲ್ಟ್ ಕೂಡ ಅದಕ್ಕೆ ತಿಳಿಯುತ್ತದೆ. ಬಾಯಾರಿದ್ದರೂ ತೊಟ್ಟಿಗೆ ಬಾಯಿ ಹಾಕಲು ಹಿಂಜರಿಯುವುದು, ಗುಟುಕರಿಸುವ ಬದಲು ನಾಲಿಗೆಯಲ್ಲಿ ನೆಕ್ಕುವುದು, ಹಾಲು ಕರೆಯುವಾಗ ಕಾಲು ಕಾಲು ಎತ್ತುವುದು, ತೊರೆ ಬಿಡದಿರುವುದು, ಅದೂ ಮೋಟರ್ ಓಡುವ ಹೊತ್ತಿನಲ್ಲಿ ಮಾತ್ರ ಕಂಡರೆ, ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಟೆಸ್ಟರ್ ಉರಿಯಲಿಲ್ಲ ಎಂದು ಸುಮ್ಮನಾಗಬೇಡಿ. ಸಣ್ಣ ಸೋರಿಕೆಗೆ ಅದು ಉರಿಯುವುದಿಲ್ಲ, ಮೀಟರಿನಲ್ಲೇ ಅಳೆಯಬೇಕು. ಇಂದು ನಾಲ್ಕು ವೋಲ್ಟ್ ಇರುವುದು ಮಳೆ ಬಂದ ದಿನ ಹಸುವನ್ನು ಕೆಡವುವಷ್ಟಾಗಬಹುದು. ಹಾಗೆ ಬಿದ್ದ ಹಸುವನ್ನು ಮುಟ್ಟಲು ಓಡಬೇಡಿ, ಮೊದಲು ಮೇನ್ ಆರಿಸಿ. ಹಸುವನ್ನು ಹಿಡಿಯಲು ಹೋಗಿ ಮನುಷ್ಯರೂ ಸಾಯುತ್ತಾರೆ.

ಮೈಗೆ ಕರೆಂಟ್ ಬರುವ ಮೋಟರಿಗೆ ನನ್ನ ಮಟ್ಟಿಗೆ ರಿಪೇರಿ ಎಂಬುದಿಲ್ಲ. ಹೊಸದು ಹಾಕಿಸುವಾಗ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಹಾಕಿಸಿ, ಸೋರಿಕೆಯಾದ ಕ್ಷಣ ಅದು ಕರೆಂಟ್ ಕಡಿಯುತ್ತದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹಾಕಿ, ಒಣಗಿದ ಗುಂಡಿ ಇದ್ದೂ ಇಲ್ಲದಂತೆ. ಬೇಗ ತುಂಬಲಿ ಎಂದು ಒಂದು ಎಚ್.ಪಿ. ತರುವವರಿದ್ದಾರೆ. ವೋಲ್ಟೇಜ್ ಕಡಿಮೆ ಇರುವ ಲೈನಿನಲ್ಲಿ ಅದು ಇನ್ನಷ್ಟು ತಡವರಿಸುತ್ತದೆ, ಚಿಕ್ಕ ಸಂಪನ್ನು ಬೇಗ ಬರಿದು ಮಾಡಿ ನೀರಿಲ್ಲದೆ ಓಡಿ ಸೀಲು ಸುಡುತ್ತದೆ. ಮೊದಲಿದ್ದ ಅಳತೆಯೇ ಸಾಕು. ಸಾಧ್ಯವಾದರೆ ಈ ಕೆಲಸ ಫೆಬ್ರುವರಿಯೊಳಗೆ ಮುಗಿಸಿ. ಬೇಸಿಗೆ ಬಲಿತ ಮೇಲೆ ಮೋಟರ್ ಅಂಗಡಿಗಳಲ್ಲಿ ಸರದಿ ಇರುತ್ತದೆ, ಹಸು ಮಾತ್ರ ಸರದಿ ಕಾಯುವುದಿಲ್ಲ.

ಇನ್ನೊಂದು ಮಾತು, ಕಳಚಿದ ಹಳೆಯ ಮೋಟರಿನ ಬಗ್ಗೆ. ಮನೆಗೆ ಬೇಡವಾದದ್ದನ್ನು ಕೊಟ್ಟಿಗೆ ತೊಳೆಯಲು ಆಗುತ್ತದೆ ಎಂದು ಅಲ್ಲಿಗೆ ಸಾಗಿಸುವುದನ್ನು ಬಹಳ ಕಡೆ ನೋಡಿದ್ದೇನೆ, ಅದೂ ತೇಪೆ ಹಾಕಿದ ವೈರಿನ ಜೊತೆಗೆ. ಅತಿ ಒದ್ದೆ ಜಾಗಕ್ಕೆ ಅತಿ ಕೆಟ್ಟ ಮೋಟರ್ ಹೋದಂತಾಯಿತು. ಅದನ್ನು ಅಂಗಡಿಗೆ ಹಿಂದಿರುಗಿಸಿ ಬೆಲೆಯಲ್ಲಿ ಮುರಿದುಕೊಳ್ಳಿ, ಇಲ್ಲವೇ ಗುಜರಿಗೆ ಹಾಕಿ.