ಹಳೆಯ ಹಿಮಯಂತ್ರದ ಗುರುತುಗಳು

ಉತ್ತರ ಅಮೆರಿಕದ ಮಿಚಿಗನ್ ಸರೋವರದ ಸುತ್ತಣ ಸೀಮೆಗಳಲ್ಲಿ ಚಳಿಗಾಲದ ಒಂದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮನೆಯ ಬಾಗಿಲಿಗೂ ಬೀದಿಗೂ ನಡುವಣ ಹಾದಿ ಕಣ್ಮರೆಯಾಗಿಬಿಡುವುದು ವಿಶೇಷವೇನೂ ಅಲ್ಲ. ಆ ಹಾದಿಯನ್ನು ಮರಳಿ ಪಡೆಯಲು ಎಷ್ಟು ಶ್ರಮ ಬೇಕೆಂಬುದು ಮಾತ್ರ, ಲೆಕ್ಕ ಹಾಕಿ ನೋಡಿದ ಹೊರತು, ಹಿಮದ ನಡುವೆ ಬಾಳದ ನಮ್ಮಂಥವರಿಗೆ ತಿಳಿಯುವಂತಿಲ್ಲ. 20 ಮೀಟರ್ ಉದ್ದ, 3 ಮೀಟರ್ ಅಗಲದ ಹಾದಿಯ ಮೇಲೆ 20 ಸೆಂಟಿಮೀಟರಿನಷ್ಟು ಹಿಮ ಬಿದ್ದಿತೆಂದರೆ ಅದು 12 ಘನಮೀಟರ್ ಆಯಿತು. ಆಗತಾನೆ ಬಿದ್ದ ಹಗುರವಾದ ಹಿಮ ಘನಮೀಟರಿಗೆ 100 ಕಿಲೋಗ್ರಾಂ ತೂಗುವುದೆಂದು ಇಟ್ಟುಕೊಂಡರೂ ಒಟ್ಟು ಭಾರ 1,200 ಕಿಲೋಗ್ರಾಂ. ಅದೇ ಹಿಮ ಒದ್ದೆಯಾದುದಾದರೆ ಇದರ ಎರಡರಷ್ಟು, ಮೂರರಷ್ಟು.

ಈ ಭಾರವನ್ನು ಮನುಷ್ಯನ ಬೆನ್ನಿನಿಂದ ಇಳಿಸಿದ ಸಾಧನಗಳಲ್ಲಿ ಗಾರ್ಡನ್ ಟ್ರ್ಯಾಕ್ಟರೆಂಬ ಕುಳ್ಳಾದ ವಾಹನವೂ ಒಂದು. ಬೇಸಗೆಯಲ್ಲಿ ಹುಲ್ಲು ಕತ್ತರಿಸಿ, ವಸಂತದಲ್ಲಿ ಕೈತೋಟವನ್ನು ಉತ್ತು, ಚಳಿಗಾಲದಲ್ಲಿ ಹಿಮವನ್ನು ದೂಡುವ ಈ ಬಹುರೂಪಿಯ ತವರನ್ನು ನೋಡಿದರೆ ಅದರ ಉದ್ಯೋಗವೇನೆಂಬುದು ಅರ್ಧ ತಿಳಿದಂತೆಯೇ. ಸೆಸಿಲ್ ಪಾಂಡ್ ಎಂಬಾತ 1946ರಲ್ಲಿ ವ್ಹೀಲ್ ಹಾರ್ಸ್ ಕಂಪನಿಯನ್ನು ಆರಂಭಿಸಿದ ಸೌತ್ ಬೆಂಡ್ ನಗರ ಸರೋವರದ ದಕ್ಷಿಣದಲ್ಲಿ, ನೀರಿನ ಮೇಲಿಂದ ಬೀಸುವ ಗಾಳಿ ಹೊತ್ತು ತಂದ ಹಿಮವನ್ನೆಲ್ಲ ಸುರಿಯುವ ಪಟ್ಟಿಯಲ್ಲಿದೆ. ಸಿಂಪ್ಲಿಸಿಟಿ ಮತ್ತು ಬೋಲೆನ್ಸ್ ಎಂಬ ಪ್ರತಿಸ್ಪರ್ಧಿಗಳಿಬ್ಬರೂ ಸರೋವರದ ಪಶ್ಚಿಮ ತೀರದಲ್ಲಿ, ವಿಸ್ಕಾನ್ಸಿನ್ ರಾಜ್ಯದ ಪೋರ್ಟ್ ವಾಷಿಂಗ್ಟನ್ ಎಂಬ ಒಂದೇ ಸಣ್ಣ ಊರಿನವರು. ಜಾನ್ ಡಿಯರ್ ಸಂಸ್ಥೆ 1963ರಲ್ಲಿ ಹೊರತಂದ 110 ಎಂಬ ಮಾದರಿ ಅದೇ ರಾಜ್ಯದ ಹೊರಿಕಾನ್ ಊರಿನದು. ಇವುಗಳಲ್ಲಿ ಅನೇಕ ಟ್ರ್ಯಾಕ್ಟರುಗಳು ಅರ್ಧ ಶತಮಾನ ಕಳೆದರೂ ದುಡಿಯುತ್ತಿವೆ. ಆದರೆ ಅವುಗಳಿಗೆ ಜೋಡಿಸುತ್ತಿದ್ದ ಹಿಮಸಾಧನಗಳು ಕೈಯಿಂದ ಕೈಗೆ ಹೋಗಿ, ಬಿಚ್ಚಿ, ಚದುರಿ, ಕೊಟ್ಟಿಗೆಯ ಮೂಲೆಗಳಲ್ಲಿ ಅನಾಥವಾದ ಕಬ್ಬಿಣದ ರಾಶಿಗಳಾಗಿ ಉಳಿದಿವೆ. ಅಂಥ ರಾಶಿಯನ್ನು ಕಂಡು, ಇದು ಯಾವ ಯಂತ್ರದ ಯಾವ ಅಂಗವೆಂದು ನಿರ್ಣಯಿಸುವ ಬಗೆ ಹೇಗೆಂಬುದೇ ಪ್ರಕೃತ ವಿಷಯ.

ಎಲ್ಲರೂ ಮೊದಲು ನೋಡುವುದು ಬಣ್ಣವನ್ನು. ಸಾಕ್ಷಿಗಳಲ್ಲೆಲ್ಲ ಅದೇ ಅತ್ಯಂತ ದುರ್ಬಲವಾದ ಸಾಕ್ಷಿ. ಕೆಂಪು ಕಂಡರೆ ವ್ಹೀಲ್ ಹಾರ್ಸ್, ಹಸಿರು ಕಂಡರೆ ಜಾನ್ ಡಿಯರ್, ಹಳದಿ ಬಿಳುಪು ಕಂಡರೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನ ಕಬ್ ಕೆಡೆಟ್ ಎಂದು ಊಹಿಸುವುದು ಸುಲಭವೇನೋ ಹೌದು. ಆದರೆ ಆಲಿಸ್ ಚಾಮರ್ಸ್ ಕಂಪನಿ 1961ರಲ್ಲಿ ತನ್ನ ಹೆಸರಿನಲ್ಲಿ ಮಾರಿದ ಬಿ-1 ಟ್ರ್ಯಾಕ್ಟರನ್ನು ಕಟ್ಟಿದವರು ಸಿಂಪ್ಲಿಸಿಟಿಯವರು. 1965ರಲ್ಲಿ ಆ ಸಿಂಪ್ಲಿಸಿಟಿಯನ್ನೇ ಆಲಿಸ್ ಚಾಮರ್ಸ್ ಕೊಂಡುಕೊಂಡಿತು. ಸಿಯರ್ಸ್ ಎಂಬ ಮಹಾವಣಿಕರು ತಾವು ಏನನ್ನೂ ಎರಕ ಹೊಯ್ಯದೆ ಬೇರೆಯವರ ಯಂತ್ರಗಳಿಗೆ ತಮ್ಮ ನಾಮಕರಣ ಮಾಡಿ ಮಾರಿದರು; ಅವರ ಮಾದರಿ ಸಂಖ್ಯೆಯ ಮೊದಲ ಮೂರಂಕಿಗಳಲ್ಲಿ ನಿಜವಾದ ತಯಾರಕನ ಗುಟ್ಟಿದೆ: 917 ಎಂದಿದ್ದರೆ ಆ ಕಾಲಕ್ಕೆ ರೋಪರ್, 247 ಎಂದಿದ್ದರೆ ಎಂ.ಟಿ.ಡಿ. ಇದರ ಮೇಲೆ, ಎರಡನೆಯ ಮೂರನೆಯ ಯಜಮಾನರು ಬಳಿದ ಬಣ್ಣ ಬೇರೆ. ಮೂಲದ ಬಣ್ಣವೇ ಬೇಕೆಂದರೆ ಬೋಲ್ಟು ಬಿಚ್ಚಿ, ಒಂದರ ಮೇಲೊಂದು ಕುಳಿತ ಪಟ್ಟಿಗಳನ್ನು ಬೇರ್ಪಡಿಸಿ, ಕುಂಚವೂ ಬಿಸಿಲೂ ಮುಟ್ಟದ ಆ ಸಂದಿಯಲ್ಲಿ ನೋಡತಕ್ಕದ್ದು.

ಎರಕದ ಮೇಲೆ ಉಬ್ಬಿನಿಂತ ಸಂಖ್ಯೆಯೂ ಇಷ್ಟೇ ಮೋಸಗಾರ. ಅದು ಬಹುವೇಳೆ ಬಿಡಿಭಾಗದ ಸಂಖ್ಯೆಯಲ್ಲ, ಎರಕದ ಅಚ್ಚಿನ ಸಂಖ್ಯೆ. ಒಂದೇ ಅಚ್ಚಿನಿಂದ ಹೊರಬಂದ ಎರಡು ತುಂಡುಗಳಿಗೆ ಬೇರೆ ಬೇರೆ ಅಳತೆಯ ರಂಧ್ರ ಕೊರೆದರೆ ಅವು ಪಟ್ಟಿಯಲ್ಲಿ ಎರಡು ಬೇರೆ ಭಾಗಗಳಾಗುತ್ತವೆ, ಮೈಮೇಲಿನ ಸಂಖ್ಯೆ ಮಾತ್ರ ಒಂದೇ ಆಗಿರುತ್ತದೆ. ಆದುದರಿಂದ ವಿವೇಕಿಯಾದವನು ಹೆಸರನ್ನು ಬದಿಗಿಟ್ಟು, ಈ ವಸ್ತು ಏನು ಕೆಲಸ ಮಾಡುತ್ತಿತ್ತೆಂದು ಮೊದಲು ಕೇಳುತ್ತಾನೆ.

ಹಿಮವನ್ನು ದೂಡುವ ಹಲಗೆಯನ್ನು, ಎಂದರೆ ಬ್ಲೇಡನ್ನು, ಗುರುತಿಸುವುದರಲ್ಲಿ ಕಷ್ಟವಿಲ್ಲ. ಬಾಗಿದ ಉಕ್ಕಿನ ತಗಡು, ಕೆಳ ಅಂಚಿಗೆ ಸವೆದಾಗ ಬದಲಾಯಿಸಲೆಂದು ಬೋಲ್ಟಿನಿಂದ ಬಿಗಿದ ಪಟ್ಟಿ, ಎಡಕ್ಕೂ ಬಲಕ್ಕೂ ಓರೆಯಾಗಿ ನಿಲ್ಲಿಸಲು ರಂಧ್ರಗಳ ಸಾಲು, ಹಿಂದೆ ಬಲವಾದ ಸ್ಪ್ರಿಂಗುಗಳು: ಇಷ್ಟಿದ್ದರೆ ಸಾಕು. ನೆಲದಲ್ಲಿ ಹುದುಗಿದ ಕಲ್ಲು ತಗುಲಿದಾಗ ಹಲಗೆ ಮುಂದಕ್ಕೆ ಮಗುಚಿ ಪಾರಾಗಲೆಂದು ಆ ಸ್ಪ್ರಿಂಗುಗಳನ್ನಿಟ್ಟಿರುತ್ತಾರೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಸಮಮಾಡುವ ಹಲಗೆಗೆ ಸಾಮಾನ್ಯವಾಗಿ ಅವು ಇರುವುದಿಲ್ಲ.

ಸ್ವಾರಸ್ಯವಿರುವುದು ಹಿಮವನ್ನು ಎತ್ತಿ ಎಸೆಯುವ ಯಂತ್ರದಲ್ಲಿ. ಅದರ ಮುಖ್ಯಾಂಗವಾದ ಆಗರ್, ಅಡ್ಡಲಾಗಿ ಮಲಗಿದ ದಂಡಿಗೆಯ ಸುತ್ತ ಉಕ್ಕಿನ ಪಟ್ಟಿಯನ್ನು ಸುರುಳಿಯಾಗಿ ಬೆಸೆದುದು. ಶಂಖಗಳಲ್ಲಿ ಬಲಮುರಿ ಎಡಮುರಿ ಎಂದಿರುವಂತೆ ಈ ಸುರುಳಿಗೂ ಎರಡು ಜಾತಿಗಳುಂಟು. ಒಂದು ಸಾಧಾರಣ ಬೋಲ್ಟಿನ ಸುತ್ತಿನಂತೆ ತಿರುಗಿದ್ದರೆ ಇನ್ನೊಂದು ಕನ್ನಡಿಯಲ್ಲಿ ಕಂಡ ಅದರ ಪ್ರತಿಬಿಂಬ. ದಂಡಿಗೆಯ ಒಂದರ್ಧದಲ್ಲಿ ಒಂದು ಜಾತಿಯನ್ನೂ ಇನ್ನೊಂದರ್ಧದಲ್ಲಿ ಇನ್ನೊಂದನ್ನೂ ಇಟ್ಟಿರುವುದರಿಂದ ದಂಡಿಗೆ ಒಂದೇ ದಿಕ್ಕಿಗೆ ತಿರುಗುತ್ತಿದ್ದರೂ ಹಿಮ ಎರಡು ಪಾರ್ಶ್ವಗಳಿಂದಲೂ ನಡುವಿಗೆ ಹರಿದುಬರುತ್ತದೆ. ಬಿಡಿಯಾಗಿ ಸಿಕ್ಕ ಎರಡು ಸುರುಳಿಗಳನ್ನು ಅವಸರದಲ್ಲಿ ಅದಲುಬದಲಾಗಿ ಜೋಡಿಸಿದರೆ ಯಂತ್ರ ನಿಷ್ಠೆಯಿಂದ ತಿರುಗುತ್ತದೆ, ಹಿಮವನ್ನು ಮಾತ್ರ ನಡುವಿನಿಂದ ಹೊರಕ್ಕೆ ತಳ್ಳುತ್ತದೆ.

ಇನ್ನು ಆ ನಡುವನ್ನು ನೋಡಬೇಕು. ಯಂತ್ರದ ವರ್ಗ ಯಾವುದೆಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಸುರುಳಿಗಳೆರಡೂ ಒಂದೇ ಅಖಂಡ ದಂಡಿಗೆಯ ಮೇಲಿದ್ದು, ನಡುವೆ ಚಪ್ಪಟೆಯಾದ ರೆಕ್ಕೆಗಳೂ ಒಂದು ತುದಿಯಲ್ಲಿ ಚೈನಿನ ಹಲ್ಲುಗಾಲಿಯೂ ಇದ್ದರೆ, ಕೂಡಿಸುವುದನ್ನೂ ಎಸೆಯುವುದನ್ನೂ ಒಂದೇ ಅಂಗದಿಂದ ಸಾಧಿಸುವ ಏಕಹಂತದ ಯಂತ್ರವದು. 1960ರ ದಶಕದ ಗಾರ್ಡನ್ ಟ್ರ್ಯಾಕ್ಟರುಗಳ ಮುಂದೆ ಹೆಚ್ಚಾಗಿ ಕಾಣುತ್ತಿದ್ದುದು ಇದೇ. ಸುರುಳಿಗಳು ಟೊಳ್ಳು ಕೊಳವೆಗಳ ಮೇಲೆ ಬೇರೆಬೇರೆಯಾಗಿದ್ದು, ನಡುವೆ ಮುಷ್ಟಿಗಾತ್ರದ ಗೇರ್ ಬಾಕ್ಸೂ ಅದರ ಹಿಂದೆ ಬೀಸಣಿಗೆಯಂತಹ ಚಕ್ರವೂ ಇದ್ದರೆ, ಸುರುಳಿ ಕೂಡಿಸಿ ಕೊಟ್ಟ ಹಿಮವನ್ನು ಚಕ್ರ ಎಸೆಯುವ ದ್ವಿಹಂತದ ಯಂತ್ರ.

ಎಸೆತದ ದೂರಕ್ಕೆ ಒಂದು ಸರಳವಾದ ನಿಯಮವಿದೆ. 30 ಸೆಂಟಿಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 16 ಮೀಟರ್. ಗಾಳಿಯ ತಡೆಯನ್ನು ಗಣಿಸದಿದ್ದರೆ ಆ ವೇಗದಲ್ಲಿ ಹೊರಟ ಹಿಮ 25 ಮೀಟರಿನಷ್ಟು ದೂರ ಹೋಗಬಲ್ಲುದು. ದೂರ ವೇಗದ ವರ್ಗಕ್ಕೆ ಅನುಗುಣವಾದುದರಿಂದ ಸುತ್ತು 700ಕ್ಕೆ ಇಳಿದರೆ ಎಸೆತ ಅರ್ಧವಾಗಿಬಿಡುತ್ತದೆ. ಹಳೆಯ ಯಂತ್ರವೊಂದು ಹಿಮವನ್ನು ತನ್ನ ಕಾಲ ಬಳಿಯಲ್ಲೇ ಉಗುಳುತ್ತಿದ್ದರೆ, ಹಿಂದಿನ ಯಜಮಾನ ಸಿಕ್ಕಿದ ಪುಲ್ಲಿಯನ್ನು ಹಾಕಿಬಿಟ್ಟಿದ್ದಾನೆಯೇ ಎಂದು ಅದರ ವ್ಯಾಸವನ್ನು ಅಳೆದು ನೋಡುವುದು ಮೇಲು. ಪುಲ್ಲಿ ಯಾವ ದಿಕ್ಕಿಗೆ ಮುಖಮಾಡಿದೆಯೆಂಬುದು ಇನ್ನೂ ದೊಡ್ಡ ಸುಳಿವು: ಕಬ್ ಕೆಡೆಟ್ಟಿನ ಎಂಜಿನ್ನಿನ ದಂಡ ವಾಹನದ ಉದ್ದಕ್ಕೆ ಮಲಗಿರುವುದರಿಂದ ಅದರ ಪುಲ್ಲಿ ಮುಂದಕ್ಕೆ ನೋಡುತ್ತದೆ, ವ್ಹೀಲ್ ಹಾರ್ಸಿನಲ್ಲಿಯೂ ಜಾನ್ ಡಿಯರ್ 110ರಲ್ಲಿಯೂ ದಂಡ ಅಡ್ಡಲಾಗಿರುವುದರಿಂದ ಪುಲ್ಲಿ ಪಕ್ಕಕ್ಕೆ ನೋಡುತ್ತದೆ. ಒಂದಕ್ಕಾಗಿ ಮಾಡಿದ ಹಿಮಯಂತ್ರ ಇನ್ನೊಂದಕ್ಕೆ, ಬೆಲ್ಟನ್ನು ತಿರುಚಿ ಹಾಯಿಸುವ ವ್ಯವಸ್ಥೆಯಿಲ್ಲದೆ, ಹೊಂದುವುದು ಸಾಧ್ಯವೇ ಇಲ್ಲ.

ಕಂಪನಿಗಳು ಮುಳುಗಿಹೋದರೂ ಚೈನು, ಬೇರಿಂಗ್, ಬೆಲ್ಟುಗಳಂಥ ಭಾಗಗಳು ಇಂದಿಗೂ ದೊರೆಯುವುದಕ್ಕೆ ಕಾರಣ ಅವು ಯಾವ ಕಂಪನಿಯ ಸೊತ್ತೂ ಅಲ್ಲದಿರುವುದು. ಚೈನಿನ ಕೊಂಡಿಯ ಮೇಲೆ 40 ಎಂದಿದ್ದರೆ ಒಂದು ಕೀಲಿನಿಂದ ಇನ್ನೊಂದಕ್ಕೆ ಎಂಟನೇ ನಾಲ್ಕು, ಎಂದರೆ ಅರ್ಧ ಅಂಗುಲ. 50 ಎಂದಿದ್ದರೆ ಎಂಟನೇ ಐದಂಗುಲ. 41 ಎಂದಿದ್ದರೆ ಅಂತರ 40ರದೇ, ಮೈ ಮಾತ್ರ ಸಪೂರ. ಬೇರಿಂಗಿನ ಪಕ್ಕದಲ್ಲಿ 6204 ಎಂದು ಕೆತ್ತಿದ್ದರೆ ಕೊನೆಯ ಎರಡಂಕಿಯ ಐದರಷ್ಟು, ಎಂದರೆ 20 ಮಿಲಿಮೀಟರ್, ಅದರ ಒಳರಂಧ್ರ; ನಮ್ಮ ಸೀಲಿಂಗ್ ಫ್ಯಾನುಗಳಲ್ಲಿ ಸಾಮಾನ್ಯವಾಗಿರುವ 6202 ಈ ಗುಣಾಕಾರಕ್ಕೆ ಒಳಪಡದ ಕಿರಿಯ ಗಾತ್ರಗಳಲ್ಲೊಂದು, ಅದರದು 15. ಬೆಂಗಳೂರಿನ ಅಂಗಡಿಯಲ್ಲಿ ಕೇಳಿದರೂ ಮಿಲ್ವಾಕಿಯಲ್ಲಿ ಕೇಳಿದರೂ ಈ ಸಂಖ್ಯೆಗೆ ಬರುವ ವಸ್ತು ಒಂದೇ. ಬೆಲ್ಟಿನ ಮೇಲೆ 4ಎಲ್480 ಎಂದಿದ್ದರೆ ಅಗಲ ಅರ್ಧ ಅಂಗುಲ, ಹೊರ ಸುತ್ತಳತೆ 48 ಅಂಗುಲ.

ಒಂದು ಭಾಗವನ್ನು ಮಾತ್ರ ಅಳತೆಯಿಂದಷ್ಟೇ ಆರಿಸಬಾರದು. ದ್ವಿಹಂತದ ಯಂತ್ರದ ಸುರುಳಿಯನ್ನು ಅದರ ದಂಡಿಗೆಗೆ ಹಿಡಿದಿರುವ ಶಿಯರ್ ಪಿನ್ನು, ಕಲ್ಲೋ ಹೆಪ್ಪುಗಟ್ಟಿದ ಮಂಜುಗಡ್ಡೆಯೋ ಸಿಕ್ಕಿಕೊಂಡಾಗ ತಾನು ತುಂಡಾಗಿ ಒಳಗಿನ ಗೇರುಗಳನ್ನು ಉಳಿಸಲೆಂದೇ ಮೆತ್ತಗಿರುತ್ತದೆ. ಅಮೆರಿಕದ ಬೋಲ್ಟಿನ ತಲೆಯ ಮೇಲೆ ಗೆರೆಯಿಲ್ಲದಿದ್ದರೆ ಅದು ಮೃದುವಾದ ಜಾತಿ. ಮೂರು ಗೆರೆಗಳಿದ್ದರೆ ಐದನೆಯ ದರ್ಜೆ, ಆರಿದ್ದರೆ ಎಂಟನೆಯ ದರ್ಜೆ. ಎಂಟನೆಯದು ಮೃದುಜಾತಿಯ ಎರಡರಷ್ಟು ಎಳೆತವನ್ನು ತಡೆಯಬಲ್ಲುದು. ಪದೇಪದೇ ಪಿನ್ನು ಮುರಿಯುವುದೆಂದು ಬೇಸತ್ತವನೊಬ್ಬ ಅಲ್ಲಿ ಆರು ಗೆರೆಯ ಬೋಲ್ಟನ್ನು ಬಿಗಿದಿದ್ದರೆ, ಯಂತ್ರವನ್ನು ಕೊಳ್ಳುವ ಮುನ್ನ ಗೇರ್ ಬಾಕ್ಸನ್ನು ಬಿಚ್ಚಿಸಿಯೇ ನೋಡಬೇಕು.

ಕೊನೆಯದಾಗಿ ಒಂದು ಮಾತು. ಹಿಮಯಂತ್ರವನ್ನು ಟ್ರ್ಯಾಕ್ಟರಿನ ಚೌಕಟ್ಟಿಗೆ ಕೂಡಿಸುವ ಬಾಗಿದ ಪಟ್ಟಿಗಳೂ ಎತ್ತಿ ಇಳಿಸುವ ಸರಳುಗಳೂ ನೋಡಲು ಗುಜರಿಯಂತೆಯೇ ಇರುವುದರಿಂದ ಮೊದಲು ಕಳೆದುಹೋಗುವುದು ಅವೇ; ಅವಿಲ್ಲದ ಯಂತ್ರ ಎಷ್ಟು ಗಟ್ಟಿಯಾಗಿದ್ದರೂ ಮುಂದೆ ಕುಳಿತುಕೊಳ್ಳಲಾರದು. ಷಿಕಾಗೋ, ಡೆಟ್ರಾಯಿಟ್ ಕಡೆಗಳಲ್ಲಿ ಹಳೆಯ ಮನೆ ಕೊಂಡು, ಅದರೊಡನೆ ಇಂಥದೊಂದು ರಾಶಿಯನ್ನೂ ಪಡೆದಿರುವ ನಮ್ಮ ಕನ್ನಡಿಗರು ಯಾರಾದರೂ ಇದ್ದರೆ, ಗುಜರಿಯವನನ್ನು ಕರೆಯುವುದಕ್ಕೆ ಮೊದಲು ಪ್ರತಿಯೊಂದು ಪಟ್ಟಿಯ ರಂಧ್ರಗಳ ನಡುವಣ ಅಂತರವನ್ನು ಅಳೆದು ಬರೆದಿಟ್ಟುಕೊಂಡು, ಎಲ್ಲವನ್ನೂ ಒಂದೇ ತಂತಿಯಲ್ಲಿ ಕಟ್ಟಿ ಯಂತ್ರದ ಬಳಿಯಲ್ಲಿಯೇ ಇಡಬೇಕೆಂದು ಕೋರುತ್ತೇನೆ.