ಯಾರ ಕೈಗೆ ಯಾವ ಚೆಂಡು?

ದಢೇಸುಗೂರಿನಂಥ ಊರುಗಳ ಸುತ್ತ ಭತ್ತದ ನಾಟಿಗೆ ಮುಂಚೆ ಗದ್ದೆಯನ್ನು ಕೆಸರು ಮಾಡುವ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಬರೀ ರಬ್ಬರ್ ಗಾಲಿ ಕೆಸರಿನಲ್ಲಿ ಜಾರುತ್ತದೆ. ಅದೇ ಕೇಜ್ ವೀಲ್ ಡಾಂಬರು ಹತ್ತಿದರೆ ರಸ್ತೆ ಕಿತ್ತುಬರುತ್ತದೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಅಮೀಬಾದಂಥ ಕಡೆ ಟೆನ್‌ಪಿನ್ ಬೌಲಿಂಗ್ ಆಡಲು ಸ್ವಂತ ಚೆಂಡು ಕೊಳ್ಳುವವರ ಲೆಕ್ಕಾಚಾರವೂ ಇದೇ: ಎಲ್ಲಿ ಜಾರಬೇಕು, ಎಲ್ಲಿ ಹಿಡಿಯಬೇಕು?

ಎಸೆಯುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಅದರಲ್ಲಿ ಸುಮಾರು 40 ಅಡಿಗೆ ತೆಳುವಾಗಿ ಎಣ್ಣೆ ಬಳಿದಿರುತ್ತಾರೆ, ಇಡೀ ಲೇನಿಗೆ ಸೇರಿ 25 ಮಿಲಿಲೀಟರ್ ಆಸುಪಾಸು. ಕಣ್ಣಿಗೆ ಅದು ಕಾಣುವುದೇ ಕಷ್ಟ. ಪಕ್ಕಕ್ಕೆ ತಿರುವಿ ಬಿಟ್ಟ ಚೆಂಡು ಎಣ್ಣೆಯ ಮೇಲೆ ಜಾರುತ್ತಾ ಹೋಗಿ, ಒಣ ಭಾಗ ಸಿಕ್ಕೊಡನೆ ನೆಲ ಹಿಡಿದು ಬಾಗುತ್ತದೆ. ಈ ಬಾಗು ಬರೀ ಚಂದಕ್ಕಲ್ಲ. ಚೆಂಡು ಹೆಚ್ಚೆಂದರೆ 16 ಪೌಂಡ್, ಅಂದರೆ 7.26 ಕಿಲೋ. ಒಂದೊಂದು ಪಿನ್ನೂ ಒಂದೂವರೆ ಕಿಲೋ ತೂಗುತ್ತದೆ. ನೇರ ಬಂದ ಚೆಂಡು ಮೊದಲ ಪಿನ್ನಿಗೆ ತಾಗಿ ಬದಿಗೆ ಸರಿದುಬಿಡುತ್ತದೆ. ಸುಮಾರು 6 ಡಿಗ್ರಿ ಓರೆಯಲ್ಲಿ ನುಗ್ಗಿದರೆ ಹತ್ತೂ ಉರುಳುವ ಸಾಧ್ಯತೆ ಹೆಚ್ಚು. ಎಷ್ಟೇ ಅಂಚಿನಿಂದ ಎಸೆದರೂ ನೇರ ಚೆಂಡಿಗೆ 2 ಡಿಗ್ರಿ ಓರೆಯೂ ದಕ್ಕುವುದಿಲ್ಲ.

ಬಾಗನ್ನು ನಿರ್ಧರಿಸುವುದರಲ್ಲಿ ಹೊರಕವಚದ್ದೇ ದೊಡ್ಡ ಪಾಲು. ಜಾಹೀರಾತುಗಳು ಒಳತಿರುಳಿನ ವಿಚಿತ್ರ ಆಕಾರಗಳನ್ನೇ ಮೆರೆಸುತ್ತವೆ, ಅದು ಬೇರೆ ಮಾತು. ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ಚೆಂಡು ನುಣುಪು, ಎಣ್ಣೆ ಹೀರುವುದಿಲ್ಲ, ಹೆಚ್ಚುಕಡಿಮೆ ನೇರ ಹೋಗುತ್ತದೆ. 1980ರ ದಶಕದ ಆರಂಭದಲ್ಲಿ ಯೂರಿಥೇನ್ ಕವಚ ಬಂತು, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್. ರೆಸಿನ್ನಿನ ಮೈತುಂಬ ಸೂಕ್ಷ್ಮ ರಂಧ್ರಗಳು. ಅವು ಎಣ್ಣೆಯನ್ನು ಹೀರಿಕೊಳ್ಳುವುದರಿಂದ ಹಿಡಿತ ಗಟ್ಟಿ. ಈ ಕವಚವನ್ನು ಉಪ್ಪುಕಾಗದದಲ್ಲಿ ಉಜ್ಜಿದರೆ ಬೇಗ ಹಿಡಿಯುತ್ತದೆ, ಪಾಲಿಶ್ ಮಾಡಿದರೆ ತಡವಾಗಿ. ಒಂದೇ ಚೆಂಡಿನ ಗುಣ ಹತ್ತು ನಿಮಿಷದ ಉಜ್ಜಾಟದಲ್ಲಿ ಬದಲಾಗುತ್ತದೆ.

ತಿರುಳಿನ ಕೆಲಸ ಬೇರೆ. ತೂಕ ನಡುವಿಗೆ ಒತ್ತಾಗಿದ್ದರೆ ಚೆಂಡು ಸುಲಭವಾಗಿ ಸುತ್ತುತ್ತದೆ, ಬೇಗ ಉರುಳಲು ತೊಡಗುತ್ತದೆ. ತೂಕ ಅಂಚಿಗೆ ಚದುರಿದ್ದರೆ ಜಾರಾಟ ಉದ್ದವಾಗುತ್ತದೆ. ಇದನ್ನು ಅಳೆಯುವ ಸಂಖ್ಯೆಗೆ ಆಟಗಾರರು ಆರ್‌ಜಿ ಅನ್ನುತ್ತಾರೆ. ಅಮೆರಿಕದ ನಿಯಮದಂತೆ ಅದು 2.46ರಿಂದ 2.80 ಅಂಗುಲದೊಳಗೆ ಇರಬೇಕು. ತಿರುಳು ಒಂದು ದಿಕ್ಕಿನಲ್ಲಿ ಉದ್ದ, ಇನ್ನೊಂದರಲ್ಲಿ ಗಿಡ್ಡವಾಗಿದ್ದರೆ ಸುತ್ತುವ ಅಕ್ಷವೇ ಮೆಲ್ಲಗೆ ಸರಿಯುತ್ತದೆ. ಆಗ ಪ್ರತಿ ಸುತ್ತಿಗೂ ಎಣ್ಣೆ ತಾಗದ ಹೊಸ ಮೈ ನೆಲ ಮುಟ್ಟುತ್ತದೆ. ಮರಳಿ ಬಂದ ಚೆಂಡಿನ ಮೇಲೆ ಬೇರೆಬೇರೆಯಾಗಿ ಬಿಡಿಸಿಕೊಂಡ ಎಣ್ಣೆಯ ಉಂಗುರಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ.

ಕ್ರಿಕೆಟಿನಲ್ಲಿ ಸ್ಪಿನ್ನರುಗಳಾದ ಚಂದ್ರಶೇಖರ್, ಪ್ರಸನ್ನ ಇಬ್ಬರೂ ಒಂದೇ ಚೆಂಡು ಹಿಡಿದು ತಂತಮ್ಮ ಮಾಯೆ ತೋರಿಸಬೇಕಿತ್ತು. ಇಲ್ಲಿ ಚೆಂಡೇ ಕೈಗೆ ಹೊಂದಿಕೊಳ್ಳಬೇಕು. ಜೋರಾಗಿ ಎಸೆದು ಕಡಿಮೆ ತಿರುವುವವರ ಚೆಂಡಿಗೆ ಬಾಗಲು ಸಮಯವೇ ಸಾಲದು. ಅವರಿಗೆ ಒರಟು ರೆಸಿನ್, ಕಡಿಮೆ ಆರ್‌ಜಿ. ನಿಧಾನಕ್ಕೆ ಎಸೆದು ಬಲವಾಗಿ ತಿರುವುವವರಿಗೆ ಅದೇ ಚೆಂಡು ಕೊಟ್ಟರೆ ಅರ್ಧದಾರಿಯಲ್ಲೇ ಬಾಗಿ ಎದುರು ಬದಿಗೆ ಓಡುತ್ತದೆ. ಅವರಿಗೆ ಪಾಲಿಶ್ ಮಾಡಿದ, ಹೆಚ್ಚು ಆರ್‌ಜಿಯ ಚೆಂಡೇ ಸರಿ. ಆದ್ದರಿಂದ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ನಿಮ್ಮ ಎಸೆತದ ವೇಗ, ಸುತ್ತುಗಳ ಸಂಖ್ಯೆ ಎರಡನ್ನೂ ಅಳೆಸಿಕೊಳ್ಳಿ. ಅತಿ ದುಬಾರಿ ಚೆಂಡು ಬಹಳ ಸಲ ಅತಿ ಒರಟಿನದೂ ಹೌದು. ಹೊಸಬರ ಕೈಗೆ ಅದು ಹೊರೆ.

ಮೂಲೆಯಲ್ಲಿ ಒಂದೇ ಪಿನ್ನು ಉಳಿದಾಗ ಮಾತ್ರ ಈ ಯಾವ ವಿದ್ಯೆಯೂ ಬೇಡ. ಬಾಗದ ಚೆಂಡೇ ಬೇಕು. ನುರಿತವರ ಚೀಲದಲ್ಲೂ ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಚೆಂಡು ಇರುತ್ತದೆ.